ನೀರಿಗೆ ಕರೆಯುವ ಕೂಗು

ಕುರಿ ಕರೆಯುವಾಗ ಕಾಕಾನ ಕೆಳತುಟಿ ಎಡಕ್ಕೆ ಜಾರುತ್ತಿತ್ತು. ಮುರಿದ ಹಲ್ಲಿನ ಸಂದಿಯಲ್ಲಿ ನಾಲಿಗೆಯ ತುದಿ ಅದುರುತ್ತಿತ್ತು, ಕೊರಳಿನ ನರ ಹಗ್ಗದ ಹಾಗೆ ಬಿಗಿಯುತ್ತಿತ್ತು. ಎಡಕ್ಕೋ ಬಲಕ್ಕೋ, ಈಗ ಅನುಮಾನ. ನಾನು ಯಾವಾಗಲೂ ಅವರ ಎದುರಿಗೆ ರೆಕಾರ್ಡರ್ ಹಿಡಿದು ನಿಂತಿರುತ್ತಿದ್ದೆ. ನೆನಪು ದಿಕ್ಕು ಬದಲಿಸಿಕೊಂಡಿರಲೂಬಹುದು.

ಅವರು ನಮ್ಮ ಬಂಧುವಲ್ಲ. ಚೊಳಚಗುಡ್ಡದ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ವರ್ಷಕ್ಕೊಮ್ಮೆ ಕುರಿ ನಿಲ್ಲಿಸುತ್ತಿದ್ದ, ಕುರಿಗಾಹಿಗಳ ದೇವರು ಬೀರಪ್ಪನಿಗೆ ನಡೆದುಕೊಳ್ಳುವ ಮನೆತನದ ಹಿರಿಯರು. ಚಿಕ್ಕಂದಿನಿಂದ ನನ್ನ ಬಾಯಲ್ಲಿ ಕಾಕಾ.

ಬಾಗಲಕೋಟೆಯಲ್ಲಿ ಪಾಠ ಹೇಳುವ ನಾನು, ಅಳಿದುಹೋಗುತ್ತಿರುವ ಭಾಷೆ ಮತ್ತು ಸಂಸ್ಕೃತಿಗಳ ಬಗ್ಗೆ ಹಲವು ವಿಶ್ವವಿದ್ಯಾಲಯದವರು ಸೇರಿ ನಡೆಸುವ ಬ್ಲಾಗಿಗೆ ಆಗಾಗ ಬರೆಯುತ್ತೇನೆ. ಕುರಿಗಾಹಿಗಳ ಕೂಗುಗಳನ್ನು ದನಿಸಹಿತ ಅಲ್ಲಿ ಹಾಕಬೇಕು ಅನ್ನಿಸಿತು. ತಿರುಗು, ನಿಲ್ಲು, ನೀರಿಗೆ ಬಾ, ತೋಳ ಬಂತು ಎನ್ನಲು ಒಂದೊಂದಕ್ಕೆ ಒಂದೊಂದು ಕೂಗಿತ್ತು. ಆಗಲೇ ಹುಡುಗರು ಮೋಟರ್ ಸೈಕಲ್ ಮೇಲೆ ಹಾರ್ನ್ ಹೊಡೆದು ಕುರಿ ತಿರುಗಿಸುತ್ತಿದ್ದರು. ಬರೆದವರ ಸಾಲಿನಲ್ಲಿ ನಿಮ್ಮ ಹೆಸರೂ ಬರುತ್ತದೆ ಎಂದು ಕಾಕಾಗೆ ಹೇಳಿದೆ.

"ಯಾರ ಹೆಸರು ಮೊದ್ಲ?"

"ನಿಮ್ಮದರಿ."

"ಹಂಗಾರ ತಪ್ಪಾದ್ರ ಮಂದಿ ಮೊದ್ಲ ನನ್ನ ಬೈತಾರ. ನಿಂದ ಮೊದ್ಲ ಇರ್ಲಿ, ತಂಗಿ."

ಮೊದಲ ದಿನವೇ ಕೆಲಸ ಕೆಟ್ಟಿತು. ಅವರನ್ನು ನಮ್ಮ ಕಟ್ಟೆಯ ಮೇಲೆ ಕೂಡಿಸಿ, ನೀರಿಗೆ ಕರೆಯುವ ಕೂಗು ಹಾಕಿರಿ ಎಂದೆ. ಕುರಿಗಳು ಬೇಲಿಯಾಚೆ ಮೇಯುತ್ತಿದ್ದವು.

"ಇಲ್ಲಿ ನೀರ ಎಲ್ಲೈತಿ?"

ಅವರ ಮುಂದಿದ್ದ ತಂಬಿಗೆ ತೋರಿಸಿದೆ.

"ಇದು ನನ್ನ ಗಂಟಲಿಗೇ ಸಾಲಂಗಿಲ್ಲ. ಈಗ ಕರದ್ರ ಅವೆಲ್ಲಾ ಓಡಿ ಬರ್ತಾವ. ಬಂದ ಮ್ಯಾಲ ನೀರಿಲ್ಲಂದ್ರ ನಾಳಿ ನನ್ನ ಮಾತ ಯಾಕ ಕೇಳ್ಯಾವು?"

ಹೀಗಾಗಿ ಪ್ರತಿಯೊಂದು ಕೂಗಿಗೂ ಅದರ ಹೊತ್ತು ಬರುವ ತನಕ ಕಾಯಬೇಕಾಯಿತು. ಮಹಾಕೂಟದ ಗುಡ್ಡದ ಕೆಳಗೆ ರಜೆಯ ದಿನಗಳಲ್ಲಿ ಅವರ ಹಿಂದೆ ಅಲೆದೆ. ತೋಳದ ಕೂಗು ಸಿಗಲೇ ಇಲ್ಲ. "ತ್ವಾಳ ಬರ್ಲಿ ಅಂತ ಬೀರಪ್ಪಗ ಬೇಡ್ಕೊ. ನಿನಗ ಕೂಗು, ಅದಕ್ಕ ಕುರಿ, ನನಗ ಬಾಯಿ ಬಡ್ಕೊಳ್ಳೂದು" ಎಂದು ನಕ್ಕಿದ್ದರು. ನೀರಿನ ಕೂಗಿಗೆಂದು ಹಳ್ಳದ ದಂಡೆಗೆ ಹೋದಾಗಲೆಲ್ಲ ಗಾಳಿ, ಇಲ್ಲವೇ ಪಂಪ್‌ಸೆಟ್ಟಿನ ಸದ್ದು. ಒಂದು ಸಲವೂ ಸರಿಯಾಗಿ ದಾಖಲಾಗಲಿಲ್ಲ.

ಒಮ್ಮೆ ಅಮೀನಗಡದ ಸಂತೆಗೂ ಜೊತೆಗೆ ಹೋಗಿದ್ದೆ. ಮಾರಿದ ಟಗರನ್ನು ಅವರು ಮಗುವಿನ ಹಾಗೆ ಎದೆಗೆ ಎತ್ತಿಕೊಂಡು ಹೋಗಿ ಕೊಂಡವನ ಕೈಗೆ ಕೊಟ್ಟರು. ಕರೆದರೆ ತಾನೇ ಬರುವ ಟಗರು. ಯಾಕ್ರಿ ಎಂದೆ.

"ಕೊಡೂ ಕುರಿ ಎತ್ತಿ ಕೊಡ್ತೇನಿ. ಕರದು ಕೊಡಂಗಿಲ್ಲ. ನನ್ನ ದನಿ ನಂಬಿ ಬಂದದ್ದನ್ನ ಹೆಂಗ ಕೊಡ್ಲಿ?"

ಕೊನೆಯ ವಾಕ್ಯ ನನ್ನ ದಿನಚರಿಯಲ್ಲಿಲ್ಲ. ಅವರು ಹೇಳಿದರೋ, ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು.

ಅವರ ಮೊಣಕಾಲು ಹೋಯಿತು, ಕೆಮ್ಮು ಹಿಡಿಯಿತು. ಇಬ್ಬರು ಮಕ್ಕಳು ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸದಲ್ಲಿದ್ದರು. ಕುರಿ ಹಿಂದೆ ಹೋಗುವವರು ಯಾರೂ ಇರಲಿಲ್ಲ. ಹಿಂಡು ಪೂರ್ತಿ ಕೊಟ್ಟುಬಿಡುತ್ತೇನೆ ಎಂದರು. ಕೊಂಡವರ ಲಾರಿ ಬಂದ ಸಂಜೆ ನಾನೂ ಹೋದೆ. ಕೊರಳ ಗಂಟೆಗಳ ಸದ್ದಾದರೂ ಉಳಿಯಲಿ ಎಂದು ರೆಕಾರ್ಡರ್ ಚಾಲೂ ಇಟ್ಟಿದ್ದೆ.

ಲಾರಿಗೆ ಹಲಗೆ ಹಚ್ಚಿದ್ದರು. ಕುರಿಗಳು ಹತ್ತಲಿಲ್ಲ. ಕಾಕಾ ಒಂದನ್ನು ಎತ್ತಿ ಕೊಟ್ಟರು, ಇನ್ನೊಂದನ್ನು ಕೊಟ್ಟರು. ಮತ್ತೊಂದನ್ನು ಎತ್ತುವಾಗ ಮೊಣಕಾಲು ಮಡಚಿ ಅದರ ಸಮೇತ ನೆಲಕ್ಕೆ ಕೂತರು. ಡ್ರೈವರ್ ಕೋಲು ತಗೊಂಡ. ಗಬ್ಬದ ಕುರಿಯೊಂದು ಏಟಿಗೆ ಬೆದರಿ ಹಲಗೆಯಿಂದ ಕೆಳಗೆ ಬಿತ್ತು.

"ಬಡೀಬ್ಯಾಡಲೇ!"

"ಮತ್ತೇನ್ ಪೂಜಾ ಮಾಡ್ಲ್ಯಾ? ಎಲ್ಲಾನೂ ಹಿಂಗ ಎತ್ಕೊಂತ ಕುಂತ್ರ ಇಲ್ಲೇ ಮುಂಜಾನಿ ಆಗ್ತೈತಿ."

ಡ್ರೈವರ್ ಮತ್ತೆ ಕೋಲೆತ್ತಿದ. ಕಾಕಾ ಎದ್ದರು. ಹಲಗೆ ಹಿಡಿದು, ಕಾಲೆಳೆಯುತ್ತ ತಾವೇ ಲಾರಿ ಹತ್ತಿ ಒಳಮೂಲೆಗೆ ಹೋಗಿ ನಿಂತರು. ಎಂಜಿನ್ ಚಾಲೂ ಇತ್ತು. ಅವರ ತುಟಿ ಪಕ್ಕಕ್ಕೆ ಜಾರಿತು.

ನೀರಿಗೆ ಕರೆದರು.

ಮುಂದಾಳು ಮುದಿ ಕುರಿ ಮೊದಲು ಹತ್ತಿತು. ಬಿದ್ದ ಗಬ್ಬದ ಕುರಿಯೂ ಎದ್ದು ಹತ್ತಿತು. ಉಳಿದವು ಒಂದನ್ನೊಂದು ನೂಕಿಕೊಂಡು ನುಗ್ಗಿದವು. ಒಳಗೆ ಹೋದವು ಲಾರಿಯ ತಳವನ್ನು ಮೂಸುತ್ತಿದ್ದವು. ಅವುಗಳ ನಡುವೆ ದಾರಿ ಮಾಡಿಕೊಂಡು ಇಳಿಯಲು ಕಾಕಾಗೆ ಬಹಳ ಹೊತ್ತು ಹಿಡಿಯಿತು.

"ಮೊದ್ಲ ಹಿಂಗ ಕರದಿದ್ರ ಬಡಿಯೂದ ಇರ್ತಿದ್ದಿಲ್ಲಲ್ಲೋ ಅಜ್ಜಾ" ಎಂದ ಡ್ರೈವರ್.

ಅವರು ಅತ್ತರು ಎಂದು ನನ್ನ ನೆನಪು. ದಿನಚರಿಯಲ್ಲಿ ಹಾಗೆ ಬರೆದಿಲ್ಲ. ರೆಕಾರ್ಡಿಂಗಿನಲ್ಲಿ ಕೆಮ್ಮು ಮಾತ್ರ ಇದೆ. ಲಾರಿ ಹೋದ ಮೇಲೆ ನಾವು ಆಡಿದ ಮಾತು ಅದರಲ್ಲಿ ಸ್ಪಷ್ಟವಾಗಿದೆ.

"ನಿನ್ನ ಮಷಿನ್ಯಾಗ ಬಂತೇನು?"

"ಬಂತ್ರಿ ಕಾಕಾ. ಅಳಿಸ್ಲೇನ್ರಿ?"

"ಬ್ಯಾಡ, ಇರ್ಲಿ. ಆದ್ರ ನೀರಿಗೆ ಕರದದ್ದು ಅಂತ ಬರೀಬ್ಯಾಡ."

ಉಳಿದ ಕೂಗುಗಳಿಗಾಗಿ ಆಮೇಲೊಮ್ಮೆ ಅವರ ಮನೆಗೆ ಹೋದೆ. ಖಾಲಿ ಹಟ್ಟಿಗೆ ಬೆನ್ನು ಮಾಡಿ ಕೂತಿದ್ದರು. "ಯಾರ್ನ ಕರೀಲಿ?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡಿದರು. ಮುಂದಿನ ಮಳೆಗಾಲದ ಹೊತ್ತಿಗೆ ಬಾಗಲಕೋಟೆಯ ದವಾಖಾನೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ತಡವಾಗಿ ತಿಳಿಯಿತು, ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಕಂಬಳಿಯನ್ನು ತೊಳೆದು ಬೇಲಿಯ ಮೇಲೆ ಒಣಹಾಕಿದ್ದರು.

ಲೇಖನ ಕಳಿಸಿದೆ. ತಪ್ಪಾದರೆ ಬೈಸಿಕೊಳ್ಳಲು ಮೊದಲು ನನ್ನ ಹೆಸರು, ಆಮೇಲೆ ಅವರದು. ಆ ಕೂಗಿನ ಕೆಳಗೆ 'ಲಾರಿ ಹತ್ತಿಸಲು ಕರೆದದ್ದು' ಎಂದು ಬರೆದೆ. ಸಂಪಾದಕರಿಗೆ ಕೂಗು ಬಹಳ ಹಿಡಿಸಿತು. ದನಿ ಅಪರೂಪದ್ದು, ಹಿಂದಿನ ಎಂಜಿನ್ ಸದ್ದನ್ನು ತೆಗೆದು ಸ್ವಚ್ಛ ಮಾಡಿ ಹಾಕುತ್ತೇವೆ ಎಂದು ಬರೆದರು.

ಬೇಡ ಎಂದೆ. ಆ ಸದ್ದು ತೆಗೆದರೆ ಅದು ನೀರಿಗೆ ಕರೆದ ಕೂಗೇ ಆಗಿಬಿಡುತ್ತದೆ.