ದೋಣಿ ತೊಳೆಯುತ್ತಿದ್ದ ಸಿದ್ದಪ್ಪನವರು

ಸಿದ್ದಪ್ಪನವರು ದೋಣಿಯ ಕೊಳೆ ಹೋಗಿದೆಯೇ ಎಂದು ಅಂಗಾಲಿನಿಂದ ಪರೀಕ್ಷಿಸುತ್ತಿದ್ದರು. ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ದೋಣಿಯ ಡೆಕ್ಕಿನ ಮೇಲೆ ಕಣ್ಣು ಮುಚ್ಚಿ ನಿಂತು, ಬಲಗಾಲನ್ನು ಮೆಲ್ಲಗೆ ಉಜ್ಜುವರು. ಬೇಲಿಯಾಚೆಯಿಂದ ನೋಡಿದವರಿಗೆ ಈ ವಯಸ್ಸಿನಲ್ಲಿ ಕುಣಿತ ಕಲಿಯುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಮೈಸೂರಿನ ಯಾದವಗಿರಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಸಮುದ್ರವಿರಲಿ, ಒಂದು ಹಳ್ಳವೂ ಇಲ್ಲದ ಆ ಬೀದಿಯಲ್ಲಿ, ಅವರ ಹಿತ್ತಿಲ ನೇರಳೆ ಮರದ ಕೆಳಗೆ ಬಿಳಿ ದೋಣಿಯೊಂದು ತೊಲೆಗಳ ಮೇಲೆ ಕೂತಿತ್ತು. ಕಡಕೊಳದ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿಗೇ ಬೊಂಬಾಯಿಗೆ ಹೋಗಿ, ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಮರದ ಬದಲು ಫೈಬರ್‌ಗ್ಲಾಸಿನಲ್ಲಿ ದೋಣಿ ಮಾಡುವುದು ಆಗಷ್ಟೇ ಬಂದಿತ್ತು. ಪರೀಕ್ಷೆಗೆಂದು ಮಾಡಿದ್ದ ದೋಣಿಯೊಂದು ಕಾರ್ಖಾನೆಗೆ ಬೇಡವಾದಾಗ, ನಿವೃತ್ತರಾಗುವ ಹೊತ್ತಿಗೆ ಅದನ್ನು ಕೇಳಿ ಪಡೆದು ರೈಲಿನಲ್ಲಿ ತರಿಸಿಕೊಂಡಿದ್ದರು. ಎಂದೋ ಒಮ್ಮೆ ಲಾರಿಗೆ ಹೇರಿ ಕಪಿಲೆ ಹೊಳೆಗೆ ಇಳಿಸುವರು. ಉಳಿದಂತೆ ತೊಳೆಯುವುದೇ ಕೆಲಸ. ಗುಮಾಸ್ತರಾಗಿದ್ದ ನಮ್ಮಪ್ಪ ಕಿಟಕಿಯಿಂದ ನೋಡಿ, "ತೊಳೆದೂ ತೊಳೆದೂ ಆ ದೋಣಿ ಸೋಪಿನ ಹಾಗೆ ಕರಗಿಹೋಗುತ್ತೆ ನೋಡು" ಎಂದು ನಗುತ್ತಿದ್ದರು.

ನಾನಾಗ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಸಿದ್ದಪ್ಪನವರ ಹೆಂಡತಿ ಪುಟ್ಟತಾಯಮ್ಮನವರ ಹತ್ತಿರ ಹೊಲಿಗೆ ಕಲಿಯಲು ಹೋದವಳು ದೋಣಿ ತೊಳೆಯುವುದನ್ನು ಕಲಿತು ಬಂದೆ. ನೇರಳೆ ಹಣ್ಣಿನ ಕಲೆಗೆ ನಿಂಬೆ ರಸ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಮರದ ಅಂಟಿಗೆ ಸೀಮೆಎಣ್ಣೆ ಅದ್ದಿದ ಬಟ್ಟೆ. ಒರೆಸಿದ ಕೂಡಲೇ ಸೀಗೆ ನೀರು ಹಾಕಿ ಆ ಎಣ್ಣೆಯನ್ನೂ ತೆಗೆಯಬೇಕು. ಬೂದಿ, ಇಟ್ಟಿಗೆ ಪುಡಿ ಮುಟ್ಟಕೂಡದು. "ಗೀರು ಬಿದ್ರೆ ಕೊಳೆ ಅಲ್ಲೇ ಸಂಸಾರ ಊಡ್ತದೆ ಕಣಮ್ಮ" ಎನ್ನುವರು.

ಒಂದು ಆಯುಧಪೂಜೆಗೆ ಅವರ ಭಾಮೈದ ಬಂದು, ಭಾವನಿಗೆ ಸಂತೋಷವಾಗಲೆಂದು ಡೆಕ್ಕಿಗೆಲ್ಲ ಕುರ್ಚಿ ಮೇಜಿಗೆ ಹಚ್ಚುವ ಪಾಲಿಶ್ ಬಳಿದು ಕನ್ನಡಿಯಂತೆ ಮಿಂಚಿಸಿದ್ದ. ಸಿದ್ದಪ್ಪನವರು ಕಾಲಿಟ್ಟು ನೋಡಿದರು. "ನೋಡಾಕೆ ಮದುವಣಗಿತ್ತಿ, ಮೇಲೆ ಅತ್ತುದ್ರೆ ಬಾಳೆಹಣ್ಣಿನ ಸಿಪ್ಪೆ" ಎಂದಷ್ಟೇ ಹೇಳಿ, ಅವನಿಗೆ ಹೊಟ್ಟೆ ತುಂಬ ಹೋಳಿಗೆ ಬಡಿಸಿ ಕಳಿಸಿದರು. ಮಾರನೆಯ ದಿನ ಬೆಳಗಿನಿಂದ ಅದನ್ನು ತೆಗೆಯುತ್ತ ಕೂತರು. ನಾನೂ ಬಟ್ಟೆ ಹಿಡಿದು ಕೂತೆ.

"ಇಷ್ಟು ಚೆನ್ನಾಗಿ ಕಾಣ್ತಿತ್ತಲ್ಲ, ಬಿಟ್ಟಿದ್ರೆ ಏನಾಗ್ತಿತ್ತು?" ಎಂದೆ.

ಅವರು ತಲೆ ಎತ್ತಲಿಲ್ಲ. "ಬೊಂಬಾಯಿನಲ್ಲಿ ನನ್ ಜೊತೆಗಾರ ಒಬ್ಬ ಇದ್ದ. ಒಂದೇ ಕೋಣೇಲಿ ಅನ್ನ ಬೇಯಿಸ್ಕೊಂಡು ಇದ್ದೋರು ನಾವು. ಡೆಕ್ ಮೇಲೆ ಎಣ್ಣೆ ಚೆಲ್ಲಿತ್ತು, ಯಾರೂ ಒರೆಸಿರ್ನಿಲ್ಲ. ಜಾರಿ ಎರಡು ದೋಣಿ ನಡುವೆ ಬಿದ್ಬುಟ್ಟ. ಕಲೆ ಇದ್ರೆ ಇರ್ಲಿ ಮಗಾ. ಜಿಡ್ಡು ಇರಬಾರ್ದು."

ಆ ಮಾತನ್ನು ಮನೆಯಲ್ಲಿ ಹೇಳಿದೆ. ಅಪ್ಪ ಆಮೇಲೆ ಕಿಟಕಿಯಲ್ಲಿ ನಿಂತು ನಗುವುದನ್ನು ಕಡಿಮೆ ಮಾಡಿದರು.

ಮುಂದಿನ ಮಳೆಗಾಲದಲ್ಲಿ ಕಪಿಲೆ ಉಕ್ಕಿತು. ಅಕ್ಕನನ್ನು ಕೊಟ್ಟಿದ್ದು ನಂಜನಗೂಡಿನಾಚೆ ಹೊಳೆದಂಡೆಯ ಊರಿಗೆ. ಅವಳಿಗೆ ದಿನ ತುಂಬಿತ್ತು. ಕೆಲಸದ ಮೇಲೆ ಪೇಟೆಗೆ ಬಂದಿದ್ದ ಭಾವ ಹಿಂದಿರುಗಲಾಗದೆ ನಮ್ಮ ಮನೆಗೆ ಓಡಿಬಂದರು. ಊರಿನ ಸುತ್ತ ನೀರು, ಅಕ್ಕ ಶಾಲೆಯ ಜಗುಲಿಯ ಮೇಲಿದ್ದಾಳಂತೆ. ಅಮ್ಮ ಗೋಳೋ ಎಂದು ಅಳತೊಡಗಿದಳು. ಬೇಲಿಯಾಚೆ ಅಳು ಕೇಳಿಸಿಕೊಂಡ ಸಿದ್ದಪ್ಪನವರು ಏನೆಂದು ವಿಚಾರಿಸಿ, ಲಾರಿ ಕರೆಸಲು ಹೊರಟೇಬಿಟ್ಟರು.

ಅಕ್ಕನ ಜೊತೆಗೆ ಹೆಂಗಸೊಬ್ಬಳು ಬೇಕೆಂದು ನಾನೂ ಹೋದೆ. ಭಾವ, ಸಿದ್ದಪ್ಪನವರು ಹುಟ್ಟು ಹಾಕಿದರು. ಶಾಲೆಯ ಮೆಟ್ಟಿಲಿಗೆ ದೋಣಿ ತಾಗಿದಾಗ ಅಕ್ಕನ ಕಾಲೆಲ್ಲ ಕೆಸರಾಗಿತ್ತು.

"ಜಾರ್ತೀನೇನೋ" ಎಂದಳು.

"ಪಾದ ಪೂರ್ತಿ ಊರವ್ವ. ಅದು ಇಡ್ಕೊಳ್ತದೆ" ಎಂದರು ಸಿದ್ದಪ್ಪನವರು.

ಅಕ್ಕ ಕಾಲಿಟ್ಟಳು. ದೋಣಿ ಓಲಾಡಿತು, ಅವಳ ಪಾದ ಕದಲಲಿಲ್ಲ. ಅವಳನ್ನೂ ಅವಳ ಅತ್ತೆಯನ್ನೂ ದಡ ಸೇರಿಸಿ, ಸಂಜೆಯವರೆಗೆ ಮುದುಕರು, ಮಕ್ಕಳು, ಆಡುಕುರಿಗಳನ್ನೆಲ್ಲ ಸಾಗಿಸಿದರು. ಅದೇ ವಾರ ಮೈಸೂರಿನ ಆಸ್ಪತ್ರೆಯಲ್ಲಿ ಅಕ್ಕ ಹೆಣ್ಣುಮಗು ಹೆತ್ತಳು.

ದೋಣಿ ಹಿತ್ತಿಲಿಗೆ ಮರಳಿದಾಗ ಡೆಕ್ಕಿನ ತುಂಬ ಕೆಸರು, ಆಡಿನ ಹಿಕ್ಕೆ, ಲಾಟೀನಿನಿಂದ ಚೆಲ್ಲಿದ ಸೀಮೆಎಣ್ಣೆ. ಅಪ್ಪ ಆಫೀಸಿಗೆ ರಜೆ ಹಾಕಿ, ಕೊಡ ಹಿಡಿದು ಬೇಲಿ ದಾಟಿದರು.

"ಸಿದ್ದಪ್ಪನವರೇ, ನಾನು ನಿಮ್ಮನ್ನ ಎಷ್ಟು ಆಡ್ಕೊಂಡು ನಕ್ಕಿದೀನಿ..."

"ನೀರು ಉಯ್ರಿ ಸ್ವಾಮಿ, ಒಣಗ್ಬುಟ್ರೆ ಬರಾಕಿಲ್ಲ."

ಅಪ್ಪ ನೀರು ಹೊಯ್ದರು. ಆಮೇಲೆ ಮಂಡಿಯೂರಿ, ಮಧ್ಯಾಹ್ನದವರೆಗೆ ಉಜ್ಜಿದರು.

ಮರುವರ್ಷ ಸಿದ್ದಪ್ಪನವರಿಗೆ ಉಬ್ಬಸ ಹೆಚ್ಚಿತು. ದೋಣಿಯನ್ನು ಅಕ್ಕನ ಊರಿನವರಿಗೇ ಕೊಟ್ಟುಬಿಟ್ಟರು. ಲಾರಿ ಹೋದ ಮೇಲೆ, ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ ನೆಲವನ್ನು ನೋಡುತ್ತ ನಿಂತರು. ನಾನು ಹತ್ತಿರ ಹೋದೆ. ಅವರು, "ಇಲ್ಲಿ ಈರನಗೆರೆ ಬದನೆ ಎಂಗೆ ಬತ್ತದೆ ನೋಡ್ತಿರು" ಎಂದರು. ನಾನು ಮದುವೆಯಾಗಿ ಹೊರಟ ದಿನ ಆಶೀರ್ವಾದ ಮಾಡಿದ್ದು ಮಣ್ಣು ಮೆತ್ತಿದ ಕೈಯಿಂದ. ಅದೇ ನಾನು ಅವರನ್ನು ಕೊನೆಯದಾಗಿ ನೋಡಿದ್ದು.

ಮೊದಲ ಸಲ ತವರಿಗೆ ಬಂದಾಗ ಪುಟ್ಟತಾಯಮ್ಮನವರು ಬೇಲಿಯ ಮೇಲಿಂದ ಒಂದು ಮೊರ ಬದನೆಕಾಯಿ ಕೊಟ್ಟರು. "ಅವ್ರು ಹೂವ ನೋಡುದ್ರು ಕಣಮ್ಮ. ಕಾಯಿ ನೋಡ್ನಿಲ್ಲ" ಎಂದರು.

ಅಮ್ಮ ಎಣ್ಣೆಗಾಯಿ ಮಾಡಿದಳು. ಅಪ್ಪ ಎರಡು ತುತ್ತು ತಿಂದು, ಎಂಜಲು ಕೈಯಲ್ಲೇ ಎದ್ದು ಹೋಗಿ ಹಿತ್ತಿಲ ಬಾಗಿಲಲ್ಲಿ ಬೇಲಿಯಾಚೆಯ ನೇರಳೆ ಮರ ನೋಡುತ್ತ ನಿಂತರು. ಅನ್ನ ಆರುತ್ತಿತ್ತು. ಅಮ್ಮ ಅದರ ಮೇಲೆ ತಟ್ಟೆ ಮುಚ್ಚಿದಳು.