ಬೋಲ್ಟು ಕೂರುವ ಜಾಗ

ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಈ ನಾಲ್ಕೂ ಊರುಗಳ ಮೋಟಾರ್ ಶೆಡ್ಡುಗಳಲ್ಲಿ ಹದಿನೆಂಟು ವರ್ಷ ದುಡಿದು, ಅರವತ್ತು ತುಂಬಿ ಈ ೧೯೪೯ರಲ್ಲಿ ನಿವೃತ್ತರಾಗುತ್ತಿರುವ ಫಿಟ್ಟರ್ ಬೆನಕಪ್ಪನವರನ್ನು ಅಭಿನಂದಿಸುವುದೆಂದರೆ, ಬಾಗಲು ಒಲ್ಲದ ಒಂದು ಬೆನ್ನನ್ನು ಅಭಿನಂದಿಸಿದಂತೆ. ಇಂಜಿನ್ನು ಬಿಚ್ಚಬಲ್ಲವರು ಈ ಸೀಮೆಯಲ್ಲಿ ಹಲವರಿದ್ದಾರೆ. ಮೋಟಾರ್ ಸೈಕಲ್ಲಿನ ದೀಪ ಏಕೆ ಹತ್ತದು, ಹಾರ್ನ್ ಏಕೆ ಕೂಗದು ಎಂದು ತಂತಿಯ ಜಾಡು ಹಿಡಿದು ಹೇಳಬಲ್ಲವರು ಅವರೊಬ್ಬರೇ. ಇದು ಅತಿಯಾಯಿತು ಎನ್ನುವವರು ಎನ್ನಲಿ.

೧೯೩೧ರಲ್ಲಿ ನ್ಯಾಮತಿಯ ಶೆಡ್ಡಿಗೆ ಸೇರಿದ ದಿನದಿಂದಲೂ ಅವರದು ಒಂದೇ ಮಾತು: “ಬ್ಯಾಟರಿಗೆ ಬೈಯಾಕೆ ಮೊದ್ಲು ತಂತಿ ಹಿಡ್ಕಂಡು ಹೋಗ್ರಿ. ಅದು ಮೂಕಪ್ರಾಣಿ, ಎಲ್ಲಾರೂ ಅದರ ಮ್ಯಾಲೇ ತಪ್ಪು ಹೊರಿಸ್ತಾರೆ.” ಹೊನ್ನಾಳಿಗೆ ಬಂದಾಗ ಅಲ್ಲಿನ ಚಾಲಕರು ಶ್ರೇಷ್ಠವೆಂದು ಹೊಳೆಯ ನೀರನ್ನೇ ಬ್ಯಾಟರಿಗೆ ಎರೆಯುತ್ತಿದ್ದರು. ಹಿರಿಯ ಚಾಲಕ ಗಾದ್ರಪ್ಪ, “ಗಂಗಮ್ಮನ ನೀರು ಹಾಕಿದ್ರೆ ಕೆಡ್ತೈತೇನು?” ಎಂದು ಮೇಲೆ ಬಿದ್ದ. ಬೆನಕಪ್ಪನವರು ಜಗ್ಗಲಿಲ್ಲ. “ದೇವ್ರಿಗೆ ಎರೆಯಾಕೆ ಒಳ್ಳೇದು ಗಾದ್ರಪ್ಪಣ್ಣ. ಬ್ಯಾಟರಿ ಮಡಿ ಕೇಳಾದಿಲ್ಲ, ಆಸ್ಪತ್ರೆಯ ಬಟ್ಟಿ ಇಳಿಸಿದ ನೀರು ಕೇಳ್ತೈತೆ.” ಅಂದಿನಿಂದ ವಾರಕ್ಕೊಮ್ಮೆ ಸೀಸೆ ಹಿಡಿದು ಕಾಂಪೌಂಡರರ ಬಾಗಿಲಿಗೆ ತಾವೇ ನಡೆದರು.

ಇನ್ನು ೧೯೪೩ರ ಚನ್ನಗಿರಿಯ ಮಾತು. ಯುದ್ಧದ ಕಾಲ, ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುತ್ತಿದ್ದವು, ಹೊಸ ಬ್ಯಾಟರಿಯೆಂದರೆ ಬಂಗಾರ. ಅಂಥದರಲ್ಲಿ ಒಂದು ಬ್ಯಾಟರಿಯನ್ನು ಬೆನಕಪ್ಪನವರು ಬಸ್ ಕಂಪನಿಯ ಮ್ಯಾನೇಜರ್ ನಾಗರಾಜಪ್ಪನವರ ಮೋಟಾರ್ ಸೈಕಲ್ಲಿಗೆ ಕೂರಿಸಿದ್ದರು. ಆಯುಧಪೂಜೆ ಬಂತು. ಗಾಡಿ ಫಳಫಳ ಹೊಳೆಯಬೇಕೆಂದು ಸಾಹೇಬರ ಅಪ್ಪಣೆಯಾಯಿತು. ಬಸ್ಸುಗಳ ಮೇಲೆ ಊರ ಹೆಸರು ಬರೆಯುವ ಬಣ್ಣದ ಜುಂಜಪ್ಪ ಶೆಡ್ಡಿನಲ್ಲಿ ಬೋಲ್ಟುಗಳನ್ನೆಲ್ಲ ಬಿಚ್ಚಿ, ಗಾಡಿಯ ಮೂಲೆಮೂಲೆಗೂ ಕಪ್ಪು ಬಣ್ಣ ಬಳಿದು, ಮತ್ತೆ ಬಿಗಿದ. ಕುಂಬಳಕಾಯಿ ಒಡೆದದ್ದೂ ಆಯಿತು.

ಮರುದಿನ ಸಂಜೆ ನಾಗರಾಜಪ್ಪನವರು ಬೆಂಕಿಯಾಗಿ ಬಂದರು. ಇಂಜಿನ್ನು ಓಡುತ್ತಿದೆ, ದೀಪವಿಲ್ಲ, ಹಾರ್ನಿಲ್ಲ. ಹೊತ್ತು ಮುಳುಗುತ್ತಿದೆ, ಹೊನ್ನಾಳಿ ಸೇರಬೇಕು. “ಹೊಸ ಬ್ಯಾಟರಿ ಮಾರ್ಕಂಡು ಹಳೇದು ಇಟ್ಟೀಯ, ಕಳ್ಳ!” ಎಂದು ಹತ್ತು ಜನರೆದುರು ಕೂಗಿದರು.

ಬೆನಕಪ್ಪನವರು ಬ್ಯಾಟರಿಯನ್ನು ಬಿಚ್ಚಿ ಮಣೆಯ ಮೇಲಿಟ್ಟು, ಎರಡು ತಂತಿಗಳಿಂದ ಒಂದು ಬಲ್ಬಿಗೆ ತಾಗಿಸಿದರು. ಝಗ್ಗನೆ ಹತ್ತಿತು. ಗಾಡಿಗೆ ಕೂರಿಸಿದರು, ಕತ್ತಲೆ. ಆಗ ಚಾಕು ತೆಗೆದರು.

“ಬಣ್ಣ ಮುಟ್ಟಬ್ಯಾಡ! ಪೂಜೆ ಆದ ಗಾಡಿ!”

“ಹಂಗಾರೆ ಕತ್ತಲಾಗೇ ಹೋಗ್ರಿ.”

ದೀಪಕ್ಕೆ ಹೋದ ವಿದ್ಯುತ್ತು ಗಾಡಿಯ ಕಬ್ಬಿಣದ ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು. ಆ ಮೈಗೆ ತಂತಿ ಸೇರುವ ಬೋಲ್ಟಿನ ಕೆಳಗೇ ದಪ್ಪ ಬಣ್ಣ ಕೂತಿತ್ತು. ಹೆಬ್ಬೆರಳಿನ ಉಗುರಿನಷ್ಟು ಕೆರೆದು ಬಿಗಿದರು, ಅಷ್ಟೆ. ದೀಪ ಎದುರಿನ ಗೋಡೆಗೆ ಬಡಿಯಿತು. ಗುಂಪು “ಭಲೇ!” ಎನ್ನುವಷ್ಟರಲ್ಲಿ ಅವರು ಅದೇ ಬೋಲ್ಟನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದರು.

“ದೀಪ ನೋಡಿದ್ರಲ್ಲ. ಕಳ್ಳ ಅಂದಿದ್ದು ಹತ್ತು ಜನದ ಮುಂದೆ, ಹಿಂದಕ್ಕೆ ತಗಳ್ಳಾದೂ ಹತ್ತು ಜನದ ಮುಂದೆ ಆಗ್ಲಿ. ಆಮ್ಯಾಕೆ ಬೋಲ್ಟು.”

ನಾಗರಾಜಪ್ಪನವರು ಬಾನು ನೋಡಿದರು, ಹೊನ್ನಾಳಿಯ ದಾರಿ ನೋಡಿದರು. “ತಪ್ಪಾತು, ಬಾಯಿ ತಪ್ಪಿ ಅಂದೆ” ಎಂದರು. ಬೋಲ್ಟು ಜಾಗಕ್ಕೆ ಕೂತಿತು. ಆ ಉರಿ ತೀರಬೇಕಲ್ಲ! “ಬಣ್ಣ ಬಳಿದೋನು ಯಾರು? ಹೆಸರು ಹೇಳು, ಇವತ್ತೇ ಅವನ ಕೆಲಸ ಹೋತು.”

ಜುಂಜಪ್ಪ ಅದೇ ಗುಂಪಿನಲ್ಲಿದ್ದ. ಮನೆಯಲ್ಲಿ ಬಾಣಂತಿ ಹೆಂಡತಿ. ಅವನು ಮುಂದಿದ್ದವನ ಬೆನ್ನ ಹಿಂದೆ ಸರಿದ. ಬೆನಕಪ್ಪನವರು ಅವನತ್ತ ಕಣ್ಣನ್ನೂ ಹೊರಳಿಸಲಿಲ್ಲ. “ಶೆಡ್ಡು ನನ್ನ ಉಸ್ತುವಾರಿ. ಹೆಸರು ಬೇಕಾರೆ ನಂದೇ ಬರ್ಕಳ್ರಿ.”

ಬರೆದುಕೊಂಡರು. ‘ಕೆಲಸದಲ್ಲಿ ಅಲಕ್ಷ್ಯ’ ಎಂದು ಸೇವಾ ಪುಸ್ತಕದಲ್ಲಿ ಷರಾ ಬಿತ್ತು, ಹದಿನೈದು ದಿನದೊಳಗೆ ಜಗಳೂರಿಗೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರುವ ದಿನ ಜುಂಜಪ್ಪ ಓಡಿ ಬಂದು ಕಾಲು ಹಿಡಿಯಲು ಬಗ್ಗಿದ. “ಏಳಲೇ ಮಾರಾಯ! ಇನ್ಮ್ಯಾಲೆ ಬೋಲ್ಟು ಕೂರೋ ಜಾಗ ಬಿಟ್ಟು ಬಳಿ, ಅಷ್ಟು ಸಾಕು” ಎಂದರು. ಒಳಗಿಂದ ಅವರ ಮಡದಿ ಕೊಟ್ರಮ್ಮನವರು, “ಜುಂಜಪ್ಪ, ರೊಟ್ಟಿ ಐತೆ, ಉಂಡು ಹೋಗು” ಎಂದು ಕರೆದರು. ಆ ರೊಟ್ಟಿ ಅರ್ಧಕ್ಕೇ ಉಳಿಯಿತು.

ಜಗಳೂರಿನ ಬಿಸಿಲಿನಲ್ಲಿ ಆರು ವರ್ಷ ಬೆನಕಪ್ಪನವರು ಅದೇ ತಂತಿಯ ಜಾಡು ಹಿಡಿದು ನಡೆದರು, ಅದೇ ಬಟ್ಟಿ ನೀರಿನ ಸೀಸೆ ಹಿಡಿದರು. ಷರಾ ಮಾತ್ರ ಅಳಿಯಲಿಲ್ಲ. ಅಳಿಸಿರೆಂದು ಅವರು ಯಾರ ಬಾಗಿಲಿಗೂ ಹೋಗಲಿಲ್ಲ. ಈ ಅಭಿನಂದನ ಗ್ರಂಥದ ಸಮಿತಿಯವರು ಕೂಡ, ಹಳೆಯದನ್ನು ಕೆದಕುವುದು ಬೇಡ, ಸಮಾರಂಭಕ್ಕೆ ನಾಗರಾಜಪ್ಪನವರೇ ಅಧ್ಯಕ್ಷರು ಎಂದು ಕಿವಿಮಾತು ಹೇಳಿದ್ದಾರೆ. ಕೆದಕದಿದ್ದರೆ ದೀಪ ಹತ್ತುವುದಿಲ್ಲವೆಂದು ಕಲಿಸಿದವರ ಅಭಿನಂದನೆಯಲ್ಲಿ ಇದೆಂಥ ಬುದ್ಧಿವಾದ!

ಬೆನಕಪ್ಪನವರು ನೂರ್ಕಾಲ ಬಾಳಲಿ. ಕೊಟ್ರಮ್ಮನವರ ಕೈಯ ರೊಟ್ಟಿ ಉಂಡು ಗಟ್ಟಿಯಾಗಿರಲಿ. ದೀಪವಿಲ್ಲದ ಗಾಡಿಗಳು ಇನ್ನೂ ಅವರ ಮನೆಯನ್ನು ಹುಡುಕಿಕೊಂಡು ಬರಲಿ. ಗ್ರಂಥದ ಮೊದಲ ಪ್ರತಿ ನಾಗರಾಜಪ್ಪನವರ ಕೈಗೇ ಹೋಗುತ್ತದೆಯಂತೆ. ಒಳ್ಳೆಯದು, ಓದಿಕೊಳ್ಳಲಿ. ಆ ಬಣ್ಣ ಬಳಿದ ಜುಂಜಪ್ಪ ಇಂದಿಗೂ ಚನ್ನಗಿರಿಯ ಶೆಡ್ಡಿನಲ್ಲೇ, ಅವರದೇ ಕೈಕೆಳಗೆ ದುಡಿಯುತ್ತಿದ್ದಾನೆ, ಮತ್ತು ಈ ಲೇಖನ ಬರೆದವನು ಅವನೇ. ಅಂದು ಅವರು ಕೇಳಿದ ಹೆಸರು ಇದು. ಆ ಷರಾದಲ್ಲಿ ಬೆನಕಪ್ಪನವರ ಹೆಸರನ್ನು ಹೊಡೆದುಹಾಕಿ, ಇದನ್ನು ಬರೆದುಕೊಳ್ಳಲಿ.