ಕೂಗಿಗೆ ಗುರುತು ಹಾಕಿದವರು

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವರ್ಷಗಟ್ಟಲೆ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದ ಬೆರಳು ಅದು. ಸೀಳಿನೊಳಗೆ ಸೇರಿದ ಮಸಿ ಕಂಪ್ಯೂಟರಿಗೆ ಬಂದ ಮೇಲೂ ಹೋಗಿರಲಿಲ್ಲ. ಮೌಸ್ ಎಲ್ಲಿ ಓಡಿಹೋಗುತ್ತದೋ ಎಂಬಂತೆ ಬಿಗಿಯಾಗಿ ಹಿಡಿಯುತ್ತಿದ್ದರು.

ಚಿತ್ರದುರ್ಗದಲ್ಲಿ ಅವರದು ಎರಡು ಕಂಪ್ಯೂಟರಿನ ಡಿಟಿಪಿ ಅಂಗಡಿ. ತೊಂಬತ್ತರ ದಶಕದ ಕೊನೆಗೆ ನಾನು ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲದಿದ್ದರೂ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

ಪುಟ ಕಟ್ಟುವ ಸಾಫ್ಟ್‌ವೇರಿಗೆ ಆಗ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಒತ್ತಕ್ಷರ ಕೂರಿಸಲು ಒಂದು, ಸಾಲಿನ ಕೊನೆಗೆ ಪದ ಒಡೆಯಲು ಇನ್ನೊಂದು, ಹೀಗೆ ಸಣ್ಣಸಣ್ಣ ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ಹೆಚ್ಚುವರಿ ಪ್ರೋಗ್ರಾಂಗಳನ್ನು, ಫ್ಲಾಪಿಯಿಂದ ಸೇರಿಸಬೇಕಿತ್ತು. "ಒಂದೊಂದೇ ಹಾಕಮ್ಮ. ಹಾಕಿ ಒಂದು ಪುಟ ತೆಗೆದು ನೋಡು. ಎಲ್ಲ ಒಟ್ಟಿಗೆ ಹಾಕಿದ್ರೆ ಕೆಡಿಸಿದ್ದು ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?" ಎನ್ನುತ್ತಿದ್ದರು. ಬೇಡವಾದದ್ದನ್ನೂ ಅಳಿಸುತ್ತಿರಲಿಲ್ಲ, ಪಕ್ಕಕ್ಕಿಡುತ್ತಿದ್ದರು.

ಅವರು ಶ್ರೀರಾಂಪುರದ ಕಡೆಯ ಕುರುಬರ ಮನೆಯವರು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹಟ್ಟಿಗಳಿಗೆ ಹೋಗಿ, ಹಿರಿಯರನ್ನು ಕೂರಿಸಿಕೊಂಡು ಕುರಿ ಕಾಯುವವರ ಮಾತುಗಳನ್ನು ಕೂಡಿಸುತ್ತಿದ್ದರು. ಪದಗಳನ್ನು ಚೀಟಿಯಲ್ಲಿ ಬರೆದು ತರುತ್ತಿದ್ದರು. ಆದರೆ ಕುರಿಯನ್ನು ಕರೆಯುವ, ತಿರುಗಿಸುವ, ನೀರಿಗೆ ಇಳಿಸುವ ಕೂಗುಗಳು ಚೀಟಿಗೆ ಸಿಗುವಂಥವಲ್ಲ. ಅವನ್ನು ಕಿವಿಯಲ್ಲಿಟ್ಟುಕೊಂಡು ಬಂದು, ಸೋಮವಾರ ಬೆಳಿಗ್ಗೆ ಮೆಲ್ಲಗೆ ಕೂಗಿಕೊಳ್ಳುತ್ತ ನೇರ ಕಂಪ್ಯೂಟರಿನಲ್ಲೇ ಗುರುತು ಹಾಕುತ್ತಿದ್ದರು. ಎಳೆತಕ್ಕೊಂದು, ನಾಲಿಗೆ ಲೊಟಗುಟ್ಟಿಸುವುದಕ್ಕೊಂದು ಗುರುತು. ಆ ಗುರುತುಗಳಿಗೆಂದೇ ಒಂದು ಹಳೆಯ ಎಕ್ಸ್‌ಟೆನ್ಷನ್ ಇತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿ, ನಮ್ಮಲ್ಲಿ ಅದರ ಒಂದೇ ಫ್ಲಾಪಿ ಉಳಿದಿತ್ತು.

"ಆ ಫ್ಲಾಪಿನ ಒಂದು ಸಿಡಿಗೆ ಇಳಿಸಿಡಮ್ಮ" ಎಂದು ನನಗೆ ಎರಡು ಸಲ ಹೇಳಿದ್ದರು. ನಾಳೆ ಮಾಡುತ್ತೇನೆಂದು ಎರಡು ಸಲವೂ ಅಂದಿದ್ದೆ.

ಅಂಗಡಿಗೆ ಇಂಟರ್ನೆಟ್ ಬಂತು. ನಮ್ಮಲ್ಲಿರುವ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತಾನೇ ಪರೀಕ್ಷಿಸಿ, ಹೊಸದನ್ನು ಇಳಿಸಿಕೊಂಡು ಹಳೆಯದನ್ನು ತೆಗೆದುಹಾಕುವ ಒಂದು ಟೂಲ್ ನನಗೆ ಸಿಕ್ಕಿತು. ಮೇಷ್ಟ್ರು ಬಬ್ಬೂರಿಗೆ ಹೋಗಿದ್ದ ದಿನ ಅದನ್ನು ಎರಡೂ ಕಂಪ್ಯೂಟರಿಗೆ ಹಾಕಿದೆ. ಪಟ್ಟಿಯ ತುಂಬ 'ಹಳೆಯದು' ಎಂಬ ಕೆಂಪು ಗೆರೆ ಬಂತು. ಎಲ್ಲಕ್ಕೂ ಒಂದೇ ಸಲ ಒಪ್ಪಿಗೆ ಕೊಟ್ಟೆ. ಮಷಿನ್‌ಗಳು ಚುರುಕಾದವು, ಖುಷಿಪಟ್ಟೆ.

ಮರುದಿನ ಅವರು ಫೈಲ್ ತೆರೆದರು. ಪದಗಳಿದ್ದವು. ಕೂಗುಗಳಿದ್ದ ಜಾಗದಲ್ಲೆಲ್ಲ ಖಾಲಿ ಚೌಕಗಳು.

"ಏನಾಯ್ತಮ್ಮ ಇದು?"

"ಗೊತ್ತಿಲ್ಲ ಮೇಷ್ಟ್ರೆ. ನಿನ್ನೆ ಕರೆಂಟ್ ಹೋಗಿ ಬಂತು. ಆಮೇಲೆ ಹಿಂಗಾಗೈತೆ."

ಅವರು ಪರದೆಯನ್ನು ನೋಡುತ್ತಲೇ, "ಗಾಬರಿ ಆಗ್ಬೇಡ, ಫ್ಲಾಪಿ ಐತೆ" ಎಂದರು. ಫ್ಲಾಪಿ ಹಾಕಿದರೆ ಡ್ರೈವ್ ಕರಕರ ಸದ್ದು ಮಾಡಿ ಸುಮ್ಮನಾಯಿತು. ಬೂಷ್ಟು ಹಿಡಿದಿತ್ತು. ಅವರು ಸಿಡಿ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಮತ್ತೆ ಭಾನುವಾರಗಳಲ್ಲಿ ಬಸ್ಸು ಹತ್ತತೊಡಗಿದರು. ಒಂದು ಸೋಮವಾರ ಬಂದವರು ಬಹಳ ಹೊತ್ತು ಕಂಪ್ಯೂಟರ್ ಹಚ್ಚಲೇ ಇಲ್ಲ. "ನೀರಿಗೆ ಇಳಿಸೋ ಕೂಗು ಹೇಳಿಕೊಟ್ಟಿದ್ದ ಅಜ್ಜ ತೀರಿಕೊಂಡವ್ನೆ. ಮಗನಿಗೆ ಅದು ಬರಲ್ಲಂತೆ. ನನಗೂ ಈಗ ಸರಿಯಾಗಿ ನೆನಪಾಗ್ತಿಲ್ಲ" ಎಂದರು. ನಾನು ಲಗ್ನಪತ್ರಿಕೆಯ ಕರಡು ತಿದ್ದುತ್ತ ತಲೆ ಎತ್ತಲಿಲ್ಲ.

ಫೈಲ್ ಕೆಟ್ಟು ಐದು ವರ್ಷದ ಮೇಲೆ ಮೇಷ್ಟ್ರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಕೂಗುಗಳಲ್ಲಿ ಅರ್ಧದಷ್ಟೂ ತಿರುಗಿ ಸಿಕ್ಕಿರಲಿಲ್ಲ. ಪುಸ್ತಕ ಆಗಲೇ ಇಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಅವರ ಹೆಂಡತಿಯ ಎದುರು ಕೂತು ಟೂಲ್ ಹಾಕಿದ್ದನ್ನೂ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅವರಿಗೆ ಅವತ್ತೇ ಗೊತ್ತಿತ್ತಮ್ಮ. ಏನೇನು ತೆಗೀತು, ಯಾವಾಗ ತೆಗೀತು ಅಂತ ಕಂಪ್ಯೂಟರೇ ಬರೆದಿಟ್ಟಿರುತ್ತಂತಲ್ಲ, ನೋಡಿದ್ರಂತೆ. ಹಂಗಾದ್ರೆ ಕೇಳ್ರಿ ಅಂದೆ ನಾನು. 'ಬೇಡ, ಅವಳೇ ಹೇಳ್ತಾಳೆ ಬಿಡು' ಅಂದ್ರು."

ಆ ಐದು ವರ್ಷ ನಾನು ಕೂರುತ್ತಿದ್ದದ್ದು ಅವರ ಪಕ್ಕದ ಕುರ್ಚಿಯಲ್ಲೇ. ಹೇಳಲು ದಿನಾ ಬೇಕಾದಷ್ಟು ಹೊತ್ತಿತ್ತು.